ಅರ್ಧ ಗಂಟೆ ಕೇಳಿದ ಲೋಖಂಡೆ

ನಮ್ಮದು ಹಾನಗಲ್ಲ ತಾಲೂಕಿನ ಒಂದು ಹಳ್ಳಿ. ಹೊಲದಲ್ಲಿ ಮಧ್ಯಾಹ್ನ ಎತ್ತಿನ ನೊಗ ಬಿಚ್ಚಿದರೆ ಆಳುಗಳೂ ಬುತ್ತಿ ಬಿಚ್ಚುತ್ತಾರೆ. ಎತ್ತು ದಣಿಯುತ್ತೆ ಅಂತ ಎಲ್ಲರಿಗೂ ಗೊತ್ತು, ಅದಕ್ಕೆ ಕಾನೂನು ಬೇಕಿಲ್ಲ. ಆದರೆ ಪೇಟೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವ ನಮ್ಮ ದೊಡ್ಡವ್ವನ ಮಗಳು, ಹಬ್ಬದ ಸೀಸನ್ ಬಂತೆಂದರೆ ಎಷ್ಟೋ ದಿನ ಊಟದ ಡಬ್ಬಿಯನ್ನ ಹಾಗೇ ವಾಪಸ್ ತರುತ್ತಾಳೆ. ಗಿರಾಕಿ ಇರುವಾಗ ಊಟಕ್ಕೆ ಕೂರೋ ಹಾಗಿಲ್ಲ. ಹಾಗಾದರೆ ಊಟದ ಬಿಡುವು ಅನ್ನೋದು ಮಾಲೀಕರ ದಯೆಯೋ, ಕೆಲಸಗಾರರ ಹಕ್ಕೋ? ನಮ್ಮ ದೇಶದಲ್ಲಿ ಇದು ಹಕ್ಕು ಅಂತ ಮೊದಮೊದಲು ಗಟ್ಟಿಯಾಗಿ ಹೇಳಿದವರು ನಾರಾಯಣ ಮೇಘಾಜಿ ಲೋಖಂಡೆ.

ಅವರು ಹುಟ್ಟಿದ್ದು 1848ರಲ್ಲಿ, ಮುಂಬಯಿ ಪಕ್ಕದ ಠಾಣೆಯಲ್ಲಿ. ಮರಾಠಿಯಲ್ಲಿ ಲೋಖಂಡ ಅಂದರೆ ಕಬ್ಬಿಣ. ಮ್ಯಾಟ್ರಿಕ್ ಮುಗಿಸಿ ಸಣ್ಣಪುಟ್ಟ ಸರ್ಕಾರಿ ನೌಕರಿ ಮಾಡಿದರು, ಆಮೇಲೆ ಒಂದು ಬಟ್ಟೆ ಮಿಲ್ಲಿನಲ್ಲಿ ಸ್ಟೋರ್ ಕೀಪರ್ ಆದರು. ಆಗ ನಮ್ಮ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಎಲ್ಲ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರು ಮಾತ್ರ ನವಾಬರ ಸಂಸ್ಥಾನ. ಈ ಸೀಮೆಯ ಹತ್ತಿ ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ನಮ್ಮ ಕಡೆ ಬೆಳೆದ ಹತ್ತಿ ನೂಲಾಗುವ ಊರಲ್ಲಿ ಜನ ಹೇಗೆ ದುಡಿಯುತ್ತಿದ್ದರು ಅನ್ನೋದನ್ನ ಲೋಖಂಡೆ ಹತ್ತಿರದಿಂದ ನೋಡಿದರು.

ಮಿಲ್ಲಿನ ಕೆಲಸ ಸೂರ್ಯ ಹುಟ್ಟಿದಾಗ ಶುರು, ಮುಳುಗಿದಾಗ ಮುಕ್ತಾಯ. ನಮ್ಮ ವರ್ಕ್‌ಶಾಪ್‌ನಲ್ಲಿ ಒಂದೊಂದು ಲೇತ್‌ಗೂ ಒಂದೊಂದು ಮೋಟಾರು ಇದೆ, ಬೇಕಾದಾಗ ಆಫ್ ಮಾಡಬಹುದು. ಆಗಿನ ಮಿಲ್ಲಿನಲ್ಲಿ ಒಂದು ದೊಡ್ಡ ಸ್ಟೀಮ್ ಎಂಜಿನ್. ಅದರಿಂದ ಶಾಫ್ಟು, ಶಾಫ್ಟಿನಿಂದ ಬೆಲ್ಟು, ಬೆಲ್ಟಿನಿಂದ ಸಾಲು ಸಾಲು ಯಂತ್ರಗಳು. ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕಂದರೆ ಎಂಜಿನ್ನೇ ನಿಲ್ಲಬೇಕು. ಎಂಜಿನ್ ನಿಂತರೆ ಮಾಲೀಕರಿಗೆ ನಷ್ಟ. ಎತ್ತಿನ ಥರ ಎಂಜಿನ್ ದಣಿಯಲ್ಲವಲ್ಲ, ಹಾಗಾಗಿ ಮನುಷ್ಯರೂ ದಣಿಯಬಾರದು ಅನ್ನೋ ಲೆಕ್ಕ.

ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದಲ್ಲಿದ್ದ ಲೋಖಂಡೆ, ಮಿಲ್ಲಿನ ನೌಕರಿ ಬಿಟ್ಟು 1880ರಿಂದ ಮುಂಬಯಿಯಲ್ಲಿ ದೀನಬಂಧು ಪತ್ರಿಕೆ ನಡೆಸಿದರು. 1881ರಲ್ಲಿ ಬಂದ ಮೊದಲ ಕಾರ್ಖಾನೆ ಕಾಯ್ದೆ ಮಕ್ಕಳಿಗಷ್ಟೇ ದಿನಕ್ಕೆ ಒಂದು ಗಂಟೆ ಬಿಡುವು ಕೊಟ್ಟಿತ್ತು, ದೊಡ್ಡವರ ಕೆಲಸದ ಹೊತ್ತಿನ ಬಗ್ಗೆ ಸುಮ್ಮನಿತ್ತು. 1884ರಲ್ಲಿ ಲೋಖಂಡೆ ಮಿಲ್ ಕೆಲಸಗಾರರ ಸಭೆ ಸೇರಿಸಿ ಒಂದು ಮನವಿ ತಯಾರು ಮಾಡಿದರು. ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಹೊತ್ತಿಗೆ ಸರಿಯಾಗಿ ಸಂಬಳ, ಕೆಲಸದಲ್ಲಿ ಗಾಯವಾದರೆ ವಾಸಿಯಾಗೋವರೆಗೂ ಕೂಲಿ. 5,500 ಜನ ಸಹಿ ಹಾಕಿದರು. ಮುಂಬಯಿ ಮಿಲ್ ಹ್ಯಾಂಡ್ಸ್ ಅಸೋಸಿಯೇಷನ್ ಶುರುವಾಗಿದ್ದು ಹೀಗೆ. ಅದಕ್ಕೆ ನಿಧಿಯೂ ಇರಲಿಲ್ಲ, ಸರಿಯಾದ ನಿಯಮಾವಳಿಯೂ ಇರಲಿಲ್ಲ. ಇದ್ದದ್ದು ಒಂದು ಪತ್ರಿಕೆ, ಮತ್ತೆ ಕರೆದರೆ ಬರುವ ಜನ.

ವಿಷಯ ಅಷ್ಟು ಸರಳವೂ ಆಗಿರಲಿಲ್ಲ. ಇಂಗ್ಲೆಂಡಿನ ಲ್ಯಾಂಕಶೈರ್ ಮಿಲ್ ಮಾಲೀಕರಿಗೂ ಇಲ್ಲಿ ಕಾನೂನು ಬೇಕಿತ್ತು, ಯಾಕಂದರೆ ಮುಂಬಯಿ ಬಟ್ಟೆ ಅವರಿಗೆ ಪೈಪೋಟಿ ಕೊಡುತ್ತಿತ್ತು. ಹಾಗಾಗಿ ಬಿಡುವು ಕೇಳೋದೇ ಪರದೇಶದವರ ಪಿತೂರಿ ಅಂತ ಇಲ್ಲಿನ ಮಾಲೀಕರಿಗೆ ಹೇಳೋದು ಸುಲಭವಾಗಿತ್ತು. ಲೋಖಂಡೆ ಮಾತ್ರ ಹಿಂದೆ ಸರಿಯಲಿಲ್ಲ. 1890ರ ಏಪ್ರಿಲ್ 24ರಂದು ಮುಂಬಯಿಯಲ್ಲಿ ಸುಮಾರು 10,000 ಕೆಲಸಗಾರರು ಸೇರಿದರು, ಇಬ್ಬರು ಹೆಣ್ಣುಮಕ್ಕಳೂ ಎದ್ದು ನಿಂತು ಭಾಷಣ ಮಾಡಿದರು. ಜೂನ್‌ನಲ್ಲಿ ಮಾಲೀಕರು ವಾರದ ರಜೆಗೆ ಒಪ್ಪಿದರು. 1891ರ ಕಾಯ್ದೆಯಲ್ಲಿ ವಾರದ ರಜೆಯ ಜೊತೆಗೆ ಮಧ್ಯಾಹ್ನದ ಅರ್ಧ ಗಂಟೆಯೂ ಬಂತು. ಗಂಡಸರು ದಿನಕ್ಕೆ ಎಷ್ಟು ಗಂಟೆ ದುಡಿಯಬೇಕು ಅನ್ನೋ ಮಿತಿ ಅದರಲ್ಲಿ ಇನ್ನೂ ಇರಲಿಲ್ಲ. ಏಳು ವರ್ಷ ಕೇಳಿದ್ದಕ್ಕೆ ಸಿಕ್ಕಿದ್ದು ಅಷ್ಟು.

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಎಷ್ಟೋ ಜನ ಊರು ಬಿಟ್ಟರು. ಲೋಖಂಡೆ ಅಲ್ಲೇ ಉಳಿದು ರೋಗಿಗಳಿಗಾಗಿ ಆಸ್ಪತ್ರೆ ನಡೆಸಿದರು. ಅದೇ ಪ್ಲೇಗ್ ತಗುಲಿ 1897ರ ಫೆಬ್ರವರಿಯಲ್ಲಿ ತೀರಿಕೊಂಡರು. ಆಗ ಅವರಿಗೆ ಐವತ್ತೂ ತುಂಬಿರಲಿಲ್ಲ.

ಅವರು ಕೇಳಿದ್ದ ಅರ್ಧ ಗಂಟೆ 1948ರ ಕಾರ್ಖಾನೆ ಕಾಯ್ದೆಗೂ ಬಂತು: ಐದು ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು ಅಂತ ಆ ಕಾಯ್ದೆ ಹೇಳಿತ್ತು. ನಮ್ಮ ರಾಜ್ಯದ 1961ರ ಅಂಗಡಿಗಳ ಕಾಯ್ದೆ ಒಂದು ಗಂಟೆ ಬಿಡುವು ಕೊಡಬೇಕು ಅನ್ನುತ್ತೆ. ಕಳೆದ ಸಲ ಊರಿಗೆ ಹೋದಾಗ ಅಕ್ಕನಿಗೆ ಇದನ್ನ ಹೇಳಿದೆ. ನಕ್ಕಳು. ತಾನೊಬ್ಬಳೇ ಹೋಗಿ ಕೇಳಿದರೆ ನಾಳೆಯಿಂದ ಬರಬೇಡ ಅಂತಾರೆ ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಆ 5,500 ಸಹಿಗಳು ನೆನಪಾದವು. ಅವರಲ್ಲೂ ಯಾರೂ ಒಬ್ಬೊಬ್ಬರೇ ಹೋಗಿ ಕೇಳಿರಲಿಲ್ಲ.

ಇನ್ನೆರಡು ವರ್ಷಕ್ಕೆ ನಮ್ಮಲ್ಲಿ ಕೆಲವರು ಯಾವುದೋ ಪ್ಲಾಂಟ್‌ನಲ್ಲಿ ಶಿಫ್ಟ್ ಚಾರ್ಟ್ ಬರೆಯೋರಾಗುತ್ತೇವೆ. ಮಷಿನ್ ಎಷ್ಟು ಹೊತ್ತು ಓಡಬೇಕು ಅಂತ ಲೆಕ್ಕ ಹಾಕುವಾಗ, ಅದನ್ನ ಓಡಿಸೋರು ಯಾವಾಗ ಡಬ್ಬಿ ಬಿಚ್ಚಬೇಕು ಅನ್ನೋದನ್ನೂ ಅದೇ ಚಾರ್ಟಿನಲ್ಲಿ ಬರೆಯೋಣ.