ಟಿಪ್ಪು ಸುಲ್ತಾನರ ವ್ಯಾಪಾರ: ಮನಸ್ಸಿನ ಮಾತು, ಲೆಕ್ಕದ ಮಾತು

ವ್ಯಾಪಾರ ಮಾಡುವವರಲ್ಲಿ ಎರಡು ಬಗೆ. ಕೆಲವರು ಮನಸ್ಸಿಗೆ ತೋಚಿದ್ದನ್ನೇ ನಂಬಿ ಹಣ ಹಾಕಿಬಿಡುತ್ತಾರೆ. ಇನ್ನು ಕೆಲವರು ನಿನ್ನೆಯ ಧಾರಣೆ, ಇಂದಿನ ಧಾರಣೆ ಎಂದು ಲೆಕ್ಕ ಹಾಕುತ್ತಲೇ ಹಂಗಾಮು ಕಳೆಯುತ್ತಾರೆ. ಬೈಲಹೊಂಗಲದ ಹತ್ತಿ ಪೇಟೆಯಲ್ಲಾಗಲಿ, ಸವದತ್ತಿಯ ಅಂಗಡಿ ಸಾಲಿನಲ್ಲಾಗಲಿ ಇಬ್ಬರನ್ನೂ ಕಾಣಬಹುದು. ಈ ಎರಡನ್ನೂ ಜೊತೆಗಿಟ್ಟುಕೊಂಡು ನಡೆಯಲು ಯತ್ನಿಸಿ, ಒಂದೆಡೆ ಗೆದ್ದು ಇನ್ನೊಂದೆಡೆ ಸೋತ ಮಹಾವ್ಯಕ್ತಿಯೊಬ್ಬರ ಬದುಕಿನಲ್ಲಿ ನಮಗೆ ಪಾಠವಿದೆ. ಅವರೇ ಟಿಪ್ಪು ಸುಲ್ತಾನ್ ಶಹೀದ್.

1750ರ ನವೆಂಬರ್ 20ರಂದು ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು, 1782ರ ಡಿಸೆಂಬರಿನಲ್ಲಿ ತಂದೆ ಹೈದರ್ ಅಲಿಯವರು ನಿಧನರಾದ ಮೇಲೆ ರಾಜ್ಯಭಾರ ವಹಿಸಿಕೊಂಡರು. ನಮ್ಮ ಸೀಮೆಯ ಜನರಿಗೆ ಅವರ ಹೆಸರು ಯುದ್ಧದೊಂದಿಗೇ ನೆನಪಾಗುತ್ತದೆ. 1785ರಲ್ಲಿ ನರಗುಂದ ಮತ್ತು ಕಿತ್ತೂರು ಅವರ ಸೇನೆಯ ವಶವಾದವು. 1787ರ ಗಜೇಂದ್ರಗಡದ ಒಪ್ಪಂದದ ಪ್ರಕಾರ ಅವು ಮರಾಠರಿಗೆ ಮರಳಿದವು. ಆದರೆ ಇದೇ ವರ್ಷಗಳಲ್ಲಿ ಸುಲ್ತಾನರ ಇನ್ನೊಂದು ಕಣ್ಣು ಸಮುದ್ರದ ಮೇಲಿತ್ತು.

ಮೈಸೂರಿನ ಗಂಧ, ಕಾಳುಮೆಣಸು, ಏಲಕ್ಕಿ, ಅಕ್ಕಿ ಇವೆಲ್ಲ ಅರಬ್ ನಾಡಿನಲ್ಲಿ ಬೇಡಿಕೆಯುಳ್ಳ ಸರಕುಗಳು. ಅವುಗಳ ಲಾಭ ಬೇರೆಯವರ ಕೈ ಸೇರಬಾರದೆಂದು ಸುಲ್ತಾನರು ಮಸ್ಕತ್‌ನಲ್ಲಿ ಸರಕಾರಿ ಕೋಠಿ ತೆರೆದರು. ಅಲ್ಲಿನ ದರೋಗ ಮೀರ್ ಕಾಜಿಮ್‌ರಿಗೆ ಶ್ರೀರಂಗಪಟ್ಟಣದಿಂದ ಪತ್ರಗಳು ಹೋಗುತ್ತಿದ್ದವು. ಕೋಠಿ ದೂರದಲ್ಲಿದ್ದರೂ ಅದರ ವಹಿವಾಟು ಸುಲ್ತಾನರ ಗಮನದಿಂದ ದೂರವಿರಲಿಲ್ಲ.

ರೇಷ್ಮೆಯ ಕಥೆ ಇನ್ನೂ ಸ್ವಾರಸ್ಯಕರ. ಮೈಸೂರಿನಲ್ಲಿ ರೇಷ್ಮೆ ಹುಳು ಸಾಕಿದರೆ ಲಾಭವಾಗುವುದೆಂದು ಹೇಳುವ ಯಾವ ಲೆಕ್ಕಪತ್ರವೂ ಆಗ ಇರಲಿಲ್ಲ. ನಾಡಿನಲ್ಲಿ ನೆಲೆಯೂರದ ಕಸುಬಿಗೆ ಲೆಕ್ಕ ಎಲ್ಲಿಂದ ಬರಬೇಕು? ಈ ಮಣ್ಣಿನಲ್ಲಿ ಇದು ಆಗುತ್ತದೆ ಎಂದು ಸುಲ್ತಾನರ ಮನಸ್ಸು ಹೇಳಿತು. ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರನ್ನು ಹುಳು ತರಲು ಬಂಗಾಳಕ್ಕೆ ಕಳುಹಿಸಿದರು.

ಆದರೆ ಎರಡನೆಯ ಹೆಜ್ಜೆಯಿಂದ ಲೆಕ್ಕ ಆರಂಭವಾಯಿತು. 1786ರಲ್ಲಿ ಮರಾಠರೊಡನೆ ಯುದ್ಧ ನಡೆದಿದ್ದಾಗಲೇ ಸುಲ್ತಾನರು ಶ್ರೀರಂಗಪಟ್ಟಣದ ಕಿಲ್ಲೇದಾರರಿಗೆ ಪತ್ರ ಬರೆದರು. ಎಷ್ಟು ಹುಳುಗಳು ಬಂದಿವೆ ಎಂದು ಸ್ಪಷ್ಟವಾಗಿ ತಿಳಿಸಬೇಕು, ಯಾವ ಬಗೆಯ ಸ್ಥಳದಲ್ಲಿಡಬೇಕು, ಸಂತತಿ ಹೇಗೆ ಹೆಚ್ಚಿಸಬೇಕು ಎಂಬುದನ್ನು ತಂದವರನ್ನೇ ಕೇಳಬೇಕು, ಹಿಪ್ಪುನೇರಳೆ ಸೊಪ್ಪಿನ ವ್ಯವಸ್ಥೆ ಮಾಡಬೇಕು ಎಂಬುದು ಅದರ ಸಾರ. ಮುಂದೆ ರಾಜ್ಯದ 21 ಕಡೆ ಹುಳು ಸಾಕಲು ಏರ್ಪಾಡಾಯಿತು.

ಮನಸ್ಸಿನ ಮಾತಿಗೆ ಸುಲ್ತಾನರು ಎಷ್ಟು ಬೆಲೆ ಕೊಡುತ್ತಿದ್ದರೆಂಬುದಕ್ಕೆ ಅವರ ಕನಸಿನ ಪುಸ್ತಕವೇ ಸಾಕ್ಷಿ. ತಾವು ಕಂಡ 37 ಕನಸುಗಳನ್ನು ಪಾರಸಿಯಲ್ಲಿ ಸ್ವಹಸ್ತದಿಂದ ಬರೆದಿಟ್ಟಿದ್ದರು. ಆ ಪುಸ್ತಕ ಈಗ ಲಂಡನ್ನಿನಲ್ಲಿದೆ. ಒಳ್ಳೆಯ ಕನಸು ಸತ್ಯವಿಶ್ವಾಸಿಗೆ ಶುಭವಾರ್ತೆ, ನಿಜ. ಆದರೆ ಅದು ತಕ್ಕಡಿಯ ಸ್ಥಾನ ತುಂಬಲಾರದು.

ಇದು ಬಸ್ರಾದ ವಿಷಯದಲ್ಲಿ ಕಂಡುಬಂತು. ಉಸ್ಮಾನಿ ಖಲೀಫರಿಂದ ಬಸ್ರಾ ಬಂದರನ್ನು ಗುತ್ತಿಗೆಗೆ ಪಡೆದು, ಬದಲಿಗೆ ಮಂಗಳೂರಿನಲ್ಲಿ ಅವರಿಗೆ ಸೌಲಭ್ಯ ಕೊಡುವುದು ಸುಲ್ತಾನರ ಹಂಬಲವಾಗಿತ್ತು. 1786ರಲ್ಲಿ ಗುಲಾಮ್ ಅಲಿ ಖಾನ್‌ರ ನಾಯಕತ್ವದಲ್ಲಿ ನೂರಾರು ಜನರ ನಿಯೋಗ ನಾಲ್ಕು ಹಡಗುಗಳಲ್ಲಿ ಸರಕು ಸಹಿತ ಹೊರಟಿತು. ಇಸ್ತಾಂಬುಲ್ ತಲಪುವ ಹೊತ್ತಿಗೆ ಉಸ್ಮಾನಿಯರು ರಷ್ಯಾದೊಡನೆ ಯುದ್ಧಕ್ಕಿಳಿದಿದ್ದರು. ಬಂದರು ಸಿಗಲಿಲ್ಲ. ಹಡಗುಗಳು ನಷ್ಟವಾದವು, ಪ್ಲೇಗಿನಿಂದ ಬಹಳ ಮಂದಿ ಸತ್ತರು, ಕೆಲವರಷ್ಟೇ ಮರಳಿದರು. ಹಂಬಲ ದೊಡ್ಡದಿತ್ತು. ಆದರೆ ಎದುರಿನವನಿಗೆ ಇದರ ಅಗತ್ಯವಿದೆಯೇ ಎಂಬ ವಿಚಾರಣೆ ಹಡಗಿಗಿಂತ ಮುಂಚೆ ಹೋಗಬೇಕಿತ್ತು.

1792ರಲ್ಲಿ ಅರ್ಧ ರಾಜ್ಯ ಕೈ ತಪ್ಪಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಮಕ್ಕಳು ಒತ್ತೆಯಾದರು. ಇಂಥ ಹೊತ್ತಿನಲ್ಲೂ ಸುಲ್ತಾನರು ಕೈ ಚೆಲ್ಲಲಿಲ್ಲ. 1793 ಮತ್ತು 1794ರಲ್ಲಿ ವ್ಯಾಪಾರದ ನಿಯಮಗಳನ್ನು ಬರೆಸಿ, ಅದರ ಹೊಣೆಯನ್ನು ಒಂದು ಮಂಡಳಿಗೆ ಒಪ್ಪಿಸಿದರು. ಪ್ರಜೆಗಳೂ ಈ ವ್ಯಾಪಾರದಲ್ಲಿ ಹಣ ತೊಡಗಿಸಬಹುದಿತ್ತು. ಕಡಿಮೆ ಹಣ ಇಟ್ಟವರಿಗೆ ಲಾಭದ ದರ ಹೆಚ್ಚು, ಶ್ರೀಮಂತರಿಗೆ ಕಡಿಮೆ. ಬಡವನ ಪಾಲನ್ನು ಮರೆಯದ ಲೆಕ್ಕವದು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತಲೇ ಅವರು ಹುತಾತ್ಮರಾದರು.

ಪವಿತ್ರ ಕುರ್‌ಆನ್ ನಮಗೆ ಕ್ರಮವನ್ನು ಕಲಿಸಿದೆ. ಮೊದಲು ಸಮಾಲೋಚನೆ, ಆಮೇಲೆ ದೃಢ ನಿರ್ಧಾರ, ಆನಂತರ ಅಲ್ಲಾಹನ ಮೇಲೆ ಭರವಸೆ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದೂ ಅದು ಆದೇಶಿಸಿದೆ. ಒಂಟೆಯನ್ನು ಕಟ್ಟಿ ನಂತರ ಭರವಸೆಯಿಡಬೇಕೆಂದು ಪ್ರವಾದಿ(ಸ)ರು ಬೋಧಿಸಿದ್ದಾರೆ. ಇಸ್ತಿಖಾರಾ ನಮಾಝ್ ಮಾಡಿದೆನೆಂದು ಧಾರಣೆ ವಿಚಾರಿಸದಿರುವುದು ತವಕ್ಕುಲ್ ಅಲ್ಲ, ಆಲಸ್ಯ. ಹಾಗೆಯೇ ಲೆಕ್ಕದ ಪುಸ್ತಕವೇ ಎಲ್ಲವನ್ನೂ ಹೇಳುತ್ತದೆಂದು ಕೂತರೆ ಯಾವ ಹೊಸ ಕೆಲಸವೂ ಹುಟ್ಟುವುದಿಲ್ಲ.

ಬಸ್ರಾದ ಕನಸು ಕಾಗದದಲ್ಲೇ ಉಳಿಯಿತು. ಎಣಿಸಿ, ಕೇಳಿ, ಬೆಳೆಸಿದ ರೇಷ್ಮೆ ನಾಡಿನಲ್ಲಿ ಬೇರೂರಿತು. ಇಂದು ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯ ಕರ್ನಾಟಕ. ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ಸಾವಿರಾರು ರೈತ ಕುಟುಂಬಗಳ ಅನ್ನದಲ್ಲಿ ಆ ಪತ್ರದ ಪಾಲಿದೆ. ನಮ್ಮ ದುಡಿಮೆಗೂ ಅಂಥ ವಿವೇಕವನ್ನೂ ಬರ್ಕತನ್ನೂ ಅಲ್ಲಾಹನು ದಯಪಾಲಿಸಲಿ. ಆಮೀನ್.