ಆನ್‌ಳ ತಂದೆ ಡಿ ಗಾಲ್

ಎರಡನೇ ಮಹಾಯುದ್ಧದ ಇತಿಹಾಸ ಓದಿದವರಿಗೆ ಚಾರ್ಲ್ಸ್ ಡಿ ಗಾಲ್ ಎಂದರೆ ನೆನಪಾಗುವುದು ನಗುವರಿಯದ ಮುಖ, ಯಾರಿಗೂ ಬಗ್ಗದ ಹಟ. ಚರ್ಚಿಲ್ ಮತ್ತು ರೂಸ್‌ವೆಲ್ಟ್ ಇಬ್ಬರ ತಾಳ್ಮೆಯನ್ನೂ ಪರೀಕ್ಷಿಸಿದ ಸೇನಾನಿ ಅವರು. ಡೌನ್ ಸಿಂಡ್ರೋಮ್ ಇದ್ದ ಮಗಳೊಬ್ಬಳ ತಂದೆಯಾಗಿ ಅವರು ಬಾಳಿದ ಬಗೆ ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ.

1890ರಲ್ಲಿ ಲಿಲ್ ನಗರದ ನಿಷ್ಠಾವಂತ ಕ್ಯಾಥೊಲಿಕ್ ಮನೆತನದಲ್ಲಿ ಜನಿಸಿದ ಡಿ ಗಾಲ್, 1921ರಲ್ಲಿ ಇವಾನ್ ಅವರನ್ನು ವಿವಾಹವಾದರು. ಜರ್ಮನಿಯ ಟ್ರಿಯರ್‌ನಲ್ಲಿ ಫ್ರೆಂಚ್ ಪಡೆಯೊಂದರ ಮುಖ್ಯಸ್ಥರಾಗಿದ್ದಾಗ, 1928ರ ಜನವರಿ 1ರಂದು ಮೂರನೆಯ ಮಗು ಆನ್ ಹುಟ್ಟಿದಳು. ಇಂಥ ಮಕ್ಕಳನ್ನು ದೂರದ ಆಶ್ರಮಕ್ಕೆ ಸೇರಿಸಿ ಹೆಸರೆತ್ತದಿರುವುದು ಅಂದಿನ ಪ್ರತಿಷ್ಠಿತ ಕುಟುಂಬಗಳ ರೂಢಿ. ಡಿ ಗಾಲ್ ದಂಪತಿ ಅದಕ್ಕೆ ಒಪ್ಪಲಿಲ್ಲ. ಕೊಲಂಬೆ ಎಂಬ ಹಳ್ಳಿಯಲ್ಲಿ 1934ರಲ್ಲಿ ಮನೆ ಕೊಂಡದ್ದಕ್ಕೆ ಮಗಳಿಗೆ ನೆಮ್ಮದಿಯ ತಾಣ ಬೇಕೆಂಬುದೂ ಒಂದು ಕಾರಣ.

ಸ್ವಂತ ಮಕ್ಕಳೊಂದಿಗೂ ಬಿಗುವಾಗಿದ್ದ ಈ ಮನುಷ್ಯ ಆನ್‌ಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಡುತ್ತಿದ್ದರು, ಕೈಹಿಡಿದು ತೋಟದಲ್ಲಿ ನಡೆಸುತ್ತಿದ್ದರು. ಅವಳು ಸ್ಪಷ್ಟವಾಗಿ ನುಡಿಯುತ್ತಿದ್ದುದು ಅಪ್ಪ ಎಂಬ ಒಂದೇ ಮಾತನ್ನು ಎನ್ನುತ್ತಾರೆ ಚರಿತ್ರಕಾರರು. ಪದವಿ, ಪ್ರತಿಷ್ಠೆ, ಸೋಲು, ಗೆಲುವು ಯಾವುದೂ ಅವಳ ಲೆಕ್ಕಕ್ಕಿರಲಿಲ್ಲ. ಅವಳ ಆ ಸ್ವಭಾವವನ್ನೇ ದೇವರ ಕೃಪೆಯೆಂದು ಬಗೆದ ತಂದೆ, ತನ್ನ ಅಹಂಕಾರಕ್ಕೆ ಅವಳಿಂದಲೇ ಅಂಕೆ ಬಂತೆಂದು ನಂಬಿದ್ದರು. ನೋವನ್ನು ಮಾತ್ರ ಅವರು ಅಲ್ಲಗಳೆಯಲಿಲ್ಲ. ನನಗೆ ಮೆಚ್ಚಿಗೆಯಾಗುವುದು ಇದೇ. ಕಷ್ಟವನ್ನು ಮರೆಮಾಚುವ ಭಕ್ತಿಯಲ್ಲಿ ನನಗೆ ವಿಶ್ವಾಸವಿಲ್ಲ.

ಅರ್ಥಶಾಸ್ತ್ರ ಓದಿ ಮೂರು ದಶಕ ಕಡತಗಳ ನಡುವೆ ಕಳೆದ ನಾನು, ಇಂಥ ಮಕ್ಕಳ ಹೆಸರಿನ ಮುಂದೆ ವೆಚ್ಚದ ಅಂಕಣವೊಂದನ್ನೇ ಕಂಡವನು. ಆ ಲೆಕ್ಕಾಚಾರ ವಿಪರೀತಕ್ಕೆ ಹೋದರೆ ಏನಾಗುತ್ತದೆಂಬುದನ್ನು ನಾಜಿ ಜರ್ಮನಿ ತೋರಿಸಿತು. ಅಲ್ಲಿ 1940–41ರಲ್ಲಿ ಅಂಗವಿಕಲರು, ಮನೋರೋಗಿಗಳು ಸೇರಿ ಸುಮಾರು 70,000 ಜನರನ್ನು ಅನಿಲದಿಂದ ಕೊಲ್ಲಲಾಯಿತು. ಸಮಾಜಕ್ಕೆ ಹೊರೆ ಎಂಬುದೇ ನೆಪ. ಮ್ಯೂನ್‌ಸ್ಟರ್‌ನ ಬಿಷಪ್ ಫಾನ್ ಗಾಲೆನ್ 1941ರ ಆಗಸ್ಟ್‌ನಲ್ಲಿ ಪ್ರವಚನಪೀಠದಿಂದಲೇ ಇದನ್ನು ಖಂಡಿಸಿದರು. 1940ರ ಜೂನ್‌ನಲ್ಲಿ ಫ್ರಾನ್ಸ್ ಕುಸಿದಾಗ ಇವಾನ್ ಮಕ್ಕಳೊಂದಿಗೆ ಬ್ರಿಟನಿ ತೀರದಿಂದ ಹಡಗೇರಿ ಇಂಗ್ಲೆಂಡ್ ಸೇರಿದ್ದರು. ಆನ್ ಕೂಡ ಜೊತೆಗಿದ್ದಳು.

ಯುದ್ಧ ಮುಗಿದ ಮೇಲೆ ದಂಪತಿ ಮಗಳ ಹೆಸರಿನಲ್ಲಿ ಪ್ರತಿಷ್ಠಾನ ಸ್ಥಾಪಿಸಿ, ಪ್ಯಾರಿಸ್ ಸಮೀಪದ ಮಿಲೋನ್-ಲಾ-ಶಪೆಲ್‌ನಲ್ಲಿ ಬೌದ್ಧಿಕ ಅಸಾಮರ್ಥ್ಯವಿರುವ ಹೆಣ್ಣುಮಕ್ಕಳಿಗೆ ಆಸರೆ ಕಲ್ಪಿಸಿದರು. ಮುಂದೆ ರಾಷ್ಟ್ರಾಧ್ಯಕ್ಷರಾದ ಪಾಂಪಿಡು ಒಂದು ಕಾಲಕ್ಕೆ ಅದರ ಖಜಾಂಚಿ! ಡಿ ಗಾಲ್‌ರ ಯುದ್ಧ ಸ್ಮರಣೆಗಳ ಗೌರವಧನವೂ ಅಲ್ಲಿಗೆ ಹೋಯಿತು.

ಆನ್ 1948ರ ಫೆಬ್ರುವರಿ 6ರಂದು, ಇಪ್ಪತ್ತರ ಹರೆಯದಲ್ಲಿ ತೀರಿಕೊಂಡಳು. ಅವಳ ಸ್ಥಿತಿಗೆ ಹೆಚ್ಚುವರಿ ವರ್ಣತಂತುವೊಂದು ಕಾರಣವೆಂದು ಲೆಜೂನ್, ಗೋತಿಯೇ, ತ್ಯುರ್ಪಾಂ ಪ್ರಕಟಿಸಿದ್ದು 1959ರ ಜನವರಿಯಲ್ಲಿ. ಅದೇ ತಿಂಗಳು ಡಿ ಗಾಲ್ ರಾಷ್ಟ್ರಾಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡಿದ್ದರು.

1970ರ ನವೆಂಬರ್‌ನಲ್ಲಿ ಅವರು ನಿಧನರಾದಾಗ, 1952ರಲ್ಲೇ ಬರೆದಿಟ್ಟಿದ್ದ ಸೂಚನೆಯಂತೆ, ಕೊಲಂಬೆಯ ಪುಟ್ಟ ಚರ್ಚಿನ ಸ್ಮಶಾನದಲ್ಲಿ ಮಗಳ ಪಕ್ಕದಲ್ಲೇ ಮಣ್ಣು ಮಾಡಿದರು. ಒಂಬತ್ತು ವರ್ಷಗಳ ತರುವಾಯ ಇವಾನ್ ಕೂಡ ಅಲ್ಲಿಗೇ ಬಂದರು.