ಸೋಡಾನೀರಿನ ಪಾದ್ರಿ ಜೋಸೆಫ್ ಪ್ರೀಸ್ಟ್ಲಿ

ಕಲಾದಗಿ, ಬಾಗಿಲಕೋಟೆ, ಹುನಗುಂದ, ಇಳಕಲ್ಲುಗಳ ಬೇಸಗೆಯನ್ನು ಬಲ್ಲವರಿಗೆ ಗೋಲಿ ಸೋಡಾದ ಬೆಲೆ ಗೊತ್ತು. ದಪ್ಪಗಾಜಿನ ಹಸಿರು ಸೀಸೆ, ಅದರ ಕೊರಳಲ್ಲಿ ಸಿಕ್ಕಿಕೊಂಡ ಗೋಲಿ, ಅಂಗಡಿಕಾರನು ಅದನ್ನು ಒತ್ತಿದೊಡನೆ ಚೀರಿಕೊಂಡು ಹೊರಬೀಳುವ ಗಾಳಿ, ಮೂಗಿಗೇರುವ ಆ ಚುರುಕು, ಇವು ನಮ್ಮ ಸಂತೆಗಳಿಗೂ ಜಾತ್ರೆಗಳಿಗೂ ಎಷ್ಟು ಒಗ್ಗಿಹೋಗಿವೆಯೆಂದರೆ, ಅವು ಹೊರನಾಡಿನಿಂದ ಬಂದವೆಂಬುದನ್ನು ನಾವು ನೆನೆಯುವುದೇ ಇಲ್ಲ. ಗೋಲಿಯ ಸೀಸೆಗೆ ಲಂಡನ್ನಿನ ಹೈರಮ್ ಕಾಡ್ ಎಂಬವನು ೧೮೭೦ರ ಸುಮಾರಿಗೆ ಹಕ್ಕುಪತ್ರ ಪಡೆದನು. ಆದರೆ ಸೀಸೆಯೊಳಗಿನ ನೀರಿಗೆ ಗಾಳಿಯನ್ನು ಕುಡಿಸುವ ವಿದ್ಯೆ ಅದಕ್ಕಿಂತ ನೂರು ವರ್ಷ ಹಿಂದಿನದು. ಅದನ್ನು ಲೋಕಕ್ಕೆ ಕೊಟ್ಟವನು ವ್ಯಾಪಾರಿಯಲ್ಲ. ಇಂಗ್ಲೆಂಡಿನ ಒಬ್ಬ ಬಡ ಪಾದ್ರಿ.

ಕನ್ನಡದ ಪಾಠ ಹೇಳುವ ನಾನು ರಸಾಯನಶಾಸ್ತ್ರಜ್ಞನೊಬ್ಬನ ಚರಿತ್ರೆಗೆ ಕೈಹಾಕುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಜೋಸೆಫ್ ಪ್ರೀಸ್ಟ್ಲಿ ಮೊದಲು ಭಾಷೆಯ ಅಧ್ಯಾಪಕ, ವ್ಯಾಕರಣ ಬರೆದವನು. ಬಹುಕಾಲ ಅವನ ಹೊಟ್ಟೆ ಹೊರೆದದ್ದು ಪಾಠ ಮತ್ತು ಪ್ರವಚನ. ವಿಜ್ಞಾನ ಅವನ ಬಿಡುವಿನ ವೇಳೆಯ ಒಲವು. ನನಗೆ ಅವನಲ್ಲಿ ಆಸಕ್ತಿ ಹುಟ್ಟಿದ್ದು ಈ ನಂಟಿನಿಂದಲೇ.

ಪ್ರೀಸ್ಟ್ಲಿ ಹುಟ್ಟಿದ್ದು ೧೭೩೩ರ ಮಾರ್ಚಿಯಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಲೀಡ್ಸ್ ನಗರಕ್ಕೆ ಸಮೀಪದ ಒಂದು ಹಳ್ಳಿಯಲ್ಲಿ. ತಂದೆಯದು ನೆಯ್ದ ಉಣ್ಣೆಬಟ್ಟೆಗೆ ಒಪ್ಪ ಕೊಡುವ ಕಸುಬು. ಮಗ್ಗದ ಸದ್ದಿನ ನಡುವೆ ಬೆಳೆದ ಇಳಕಲ್ಲು, ಗುಳೇದಗುಡ್ಡಗಳ ಮಕ್ಕಳಿಗೆ ಅಂಥ ಮನೆಯ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರು ವರ್ಷದ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ ಹುಡುಗನನ್ನು ಮುಂದೆ ಸೋದರತ್ತೆಯೊಬ್ಬಳು ಸಾಕಿದಳು. ಅವನ ನಾಲಗೆ ತೊದಲುತ್ತಿತ್ತು. ಆದರೆ ಆ ನಾಲಗೆಗೆ ಒಲಿದ ಭಾಷೆಗಳು ಅನೇಕ. ಲ್ಯಾಟಿನ್, ಗ್ರೀಕ್, ಹೀಬ್ರೂಗಳ ಜೊತೆಗೆ ಫ್ರೆಂಚ್, ಇಟಾಲಿಯನ್, ಜರ್ಮನ್, ಅರಬ್ಬಿಗಳನ್ನೂ ಅಷ್ಟಿಷ್ಟು ಕಲಿತನು. ಮನೆಯವರದು ಕಟ್ಟುನಿಟ್ಟಿನ ಕ್ಯಾಲ್ವಿನ್ ಪಂಥ. ಆದಿಮಾನವನ ಪಾಪಕ್ಕೆ ತಾನು ಹೇಗೆ ಹೊಣೆಯೆಂದು ತರುಣನು ಸಂಶಯಪಟ್ಟುದರಿಂದ ಚರ್ಚಿನ ಹಿರಿಯರು ಅವನನ್ನು ಪೂರ್ಣ ಸದಸ್ಯನನ್ನಾಗಿ ಸೇರಿಸಿಕೊಳ್ಳಲಿಲ್ಲ. ಒಪ್ಪದ ಮಾತಿಗೆ ತಲೆಯಾಡಿಸದ ಈ ಸ್ವಭಾವ ಅವನನ್ನು ಕಡೆತನಕ ಬಿಡಲಿಲ್ಲ.

ರಾಜ್ಯದ ಅಧಿಕೃತ ಚರ್ಚನ್ನು ಒಪ್ಪದವರಿಗೆ ಆಗ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಪದವಿ ದೊರೆಯುತ್ತಿರಲಿಲ್ಲ. ಅಂಥವರು ತಮಗಾಗಿ ನಡೆಸುತ್ತಿದ್ದ ಡ್ಯಾವೆಂಟ್ರಿಯ ವಿದ್ಯಾಲಯದಲ್ಲಿ ಅವನು ೧೭೫೨ರಿಂದ ಮೂರು ವರ್ಷ ಓದಿ ಪಾದ್ರಿಯಾದನು. ಮೊದಲು ಸೇರಿದ ಹಳ್ಳಿಯ ಸಭೆಯವರಿಗೆ ಅವನ ಮತವೂ ಹಿಡಿಸಲಿಲ್ಲ, ತೊದಲೂ ಹಿಡಿಸಲಿಲ್ಲ. ಒಪ್ಪಿದ ಸಂಬಳವೂ ಪೂರಾ ಕೈಸೇರಲಿಲ್ಲ. ನಂತರ ನ್ಯಾಂಟ್ವಿಚ್ ಎಂಬ ಊರಿನಲ್ಲಿ ಶಾಲೆ ನಡೆಸಿ, ಉಳಿಸಿದ ಹಣದಲ್ಲಿ ಒಂದು ಗಾಳಿಪಂಪನ್ನೂ ಒಂದು ವಿದ್ಯುದ್ಯಂತ್ರವನ್ನೂ ಕೊಂಡು ಮಕ್ಕಳಿಗೆ ಪ್ರಯೋಗ ತೋರಿಸಿದನು. ೧೭೬೧ರಲ್ಲಿ ವಾರಿಂಗ್ಟನ್ ವಿದ್ಯಾಲಯದ ಭಾಷಾಧ್ಯಾಪಕನಾದನು. ಅವನ ಇಂಗ್ಲಿಷ್ ವ್ಯಾಕರಣ ಅದೇ ವರ್ಷ ಅಚ್ಚಾಯಿತು. ಭಾಷೆಯ ನಿಯಮವನ್ನು ಲ್ಯಾಟಿನ್ನಿನ ಸೂತ್ರದಿಂದಲ್ಲ, ಜನರ ಬಳಕೆಯಿಂದ ತಿಳಿಯಬೇಕೆಂಬುದು ಅದರ ನಿಲುವು. ಕಣ್ಣಾರೆ ಕಂಡುದನ್ನು ಶಾಸ್ತ್ರಕ್ಕಿಂತ ಮೊದಲು ನಂಬುವ ಗುಣ ಅವನ ವ್ಯಾಕರಣದಲ್ಲೇ ಮೊಳಕೆಯೊಡೆದಿತ್ತೆಂದು ನನ್ನ ಎಣಿಕೆ. ೧೭೬೨ರಲ್ಲಿ ಕಬ್ಬಿಣದ ಉದ್ಯಮಿ ಜಾನ್ ವಿಲ್ಕಿನ್ಸನ್ನನ ತಂಗಿ ಮೇರಿಯನ್ನು ಮದುವೆಯಾದನು. ಮುಂದೆ ಬೆಂಜಮಿನ್ ಫ್ರಾಂಕ್ಲಿನ್ನನ ಸ್ನೇಹ ದೊರೆತು, ಅವನ ಪ್ರೋತ್ಸಾಹದಿಂದ ವಿದ್ಯುಚ್ಛಕ್ತಿಯ ಇತಿಹಾಸವನ್ನು ಬರೆದು ೧೭೬೭ರಲ್ಲಿ ಪ್ರಕಟಿಸಿದನು. ಅದಕ್ಕೆ ಒಂದು ವರ್ಷ ಮುಂಚೆಯೇ ರಾಯಲ್ ಸೊಸೈಟಿಯ ಸದಸ್ಯತ್ವ ಬಂದಿತ್ತು.

ಅದೇ ೧೭೬೭ರಲ್ಲಿ ಅವನು ಲೀಡ್ಸಿನ ಮಿಲ್ ಹಿಲ್ ಚಾಪೆಲ್ಲಿಗೆ ಪಾದ್ರಿಯಾಗಿ ಹೋದನು. ವಾಸಕ್ಕೆ ದೊರೆತ ಮನೆಯ ಪಕ್ಕದಲ್ಲಿ ಬಿಯರ್ ಮದ್ಯ ತಯಾರಿಸುವ ಭಟ್ಟಿಯೊಂದಿತ್ತು. ಹುದುಗೇಳುವ ದೊಡ್ಡ ತೊಟ್ಟಿಗಳ ಮೇಲೆ, ಒಂಬತ್ತು ಹತ್ತು ಅಂಗುಲ ಎತ್ತರಕ್ಕೆ, ಕಣ್ಣಿಗೆ ಕಾಣದ ಒಂದು ವಾಯು ಸದಾ ನಿಂತಿರುತ್ತಿತ್ತು. ಉರಿಯುವ ಕಡ್ಡಿಯನ್ನು ಅದರೊಳಗೆ ಇಳಿಸಿದರೆ ನಂದುತ್ತಿತ್ತು. ನಂದಿದ ಕಡ್ಡಿಯ ಹೊಗೆ ಮೇಲಕ್ಕೇರದೆ ಆ ವಾಯುವಿನ ಮೈಮೇಲೆ ತೇಲಿ, ತೊಟ್ಟಿಯ ಅಂಚಿನಿಂದ ನೆಲಕ್ಕೆ ಸುರಿಯುತ್ತಿತ್ತು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಹತ್ತಾರು ವರ್ಷದ ಹಿಂದೆ ಸುಣ್ಣದ ವಸ್ತುಗಳಲ್ಲಿ ಕಂಡು ಬದ್ಧವಾಯುವೆಂದು ಕರೆದಿದ್ದುದೇ ಇದು. ಇಂದಿನ ಮಾತಿನಲ್ಲಿ ಇಂಗಾಲಾಮ್ಲ ವಾಯು. ನೆರೆಯವನಾದ ಪಾದ್ರಿ ಆ ತೊಟ್ಟಿಯ ಮೇಲೆ ಎರಡು ಪಾತ್ರೆಗಳನ್ನು ಹಿಡಿದು, ನೀರನ್ನು ಒಂದರಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ಹೊಯ್ದನು. ಕೆಲವೇ ನಿಮಿಷಗಳಲ್ಲಿ ಆ ನೀರಿಗೆ ಹಿತವಾದ ಹುಳಿಚುರುಕು ಬಂದಿತು. ಜರ್ಮನಿಯ ಚಿಲುಮೆಗಳಿಂದ ಧನಿಕರು ದುಬಾರಿ ಬೆಲೆಗೆ ತರಿಸಿಕೊಳ್ಳುತ್ತಿದ್ದ ಖನಿಜಜಲದ ರುಚಿ ಅದರಲ್ಲಿತ್ತು.

ಎಲ್ಲರ ನೆರೆಯಲ್ಲೂ ಮದ್ಯದ ಭಟ್ಟಿ ಇರುವುದಿಲ್ಲ. ಆದ್ದರಿಂದ ಅವನು ಮನೆಯಲ್ಲೇ ಹೂಡಬಹುದಾದ ಒಂದು ಉಪಕರಣವನ್ನು ಯೋಚಿಸಿದನು. ಒಂದು ಸೀಸೆಯಲ್ಲಿ ಸೀಮೆಸುಣ್ಣದ ಪುಡಿ ಹಾಗೂ ನೀರು ಬೆರೆಸಿದ ಗಂಧಕಾಮ್ಲ; ಅದರ ಬಾಯಿಗೆ ಪ್ರಾಣಿಯ ಮೂತ್ರಕೋಶದಿಂದ ಮಾಡಿದ ಚೀಲ; ಚೀಲದಿಂದ ಹೊರಟ ನಳಿಕೆ; ಅದರ ತುದಿಯಲ್ಲಿ, ನೀರಿನ ಬೋಗುಣಿಯೊಳಗೆ ತಲೆಕೆಳಗಾಗಿ ನಿಲ್ಲಿಸಿದ, ನೀರು ತುಂಬಿದ ಇನ್ನೊಂದು ಸೀಸೆ. ಆಮ್ಲ ತಾಗಿದ ಸುಣ್ಣ ನೊರೆಯೆದ್ದು ವಾಯುವನ್ನು ಬಿಡುತ್ತದೆ. ಚೀಲವನ್ನು ಹಿಸುಕಿದರೆ ವಾಯು ನೀರಿನ ಸೀಸೆಗೇರುತ್ತದೆ. ಸೀಸೆಯನ್ನು ಚೆನ್ನಾಗಿ ಕುಲುಕಿದರೆ ನೀರು ಅದನ್ನು ಹೀರಿಕೊಳ್ಳುತ್ತದೆ. ತಣ್ಣೀರು ಹೆಚ್ಚು ಹೀರುತ್ತದೆ, ಬೆಚ್ಚಗಿನ ನೀರು ಕಡಿಮೆ. ಸುಮಾರು ಹದಿನೈದು ಡಿಗ್ರಿ ಉಷ್ಣದಲ್ಲಿ, ಸಾಮಾನ್ಯ ಒತ್ತಡದಲ್ಲಿ, ನೀರು ತನ್ನ ಗಾತ್ರದಷ್ಟೇ ವಾಯುವನ್ನು ಒಳಗೊಳ್ಳಬಲ್ಲುದು. ಒತ್ತಡ ಹೆಚ್ಚಿದಂತೆ ಹೀರುವಿಕೆಯೂ ಹೆಚ್ಚುತ್ತದೆ. ಇಂದಿಗೂ ಸಣ್ಣ ಸೋಡಾ ಅಂಗಡಿಗಳಲ್ಲಿ ಅನಿಲದ ಉರುಳೆಗೆ ಜೋಡಿಸಿದ ಪೆಟ್ಟಿಗೆಯಲ್ಲಿ ಸೀಸೆಗಳನ್ನಿಟ್ಟು ಗರಗರ ತಿರುಗಿಸುವುದುಂಟು. ಆ ತಿರುಗಣೆ ಪ್ರೀಸ್ಟ್ಲಿ ಹೇಳಿಕೊಟ್ಟ ಕುಲುಕಾಟವೇ. ಸೀಸೆ ತಲೆಕೆಳಗಾದಾಗ ಕೊರಳಿಗೆ ಜಾರಿದ ಗೋಲಿಯನ್ನು ಒಳಗಿನ ಒತ್ತಡವೇ ರಬ್ಬರಿನ ಬಳೆಗೆ ಒತ್ತಿ ಹಿಡಿದು ಬಿರಡೆಯಾಗಿಸುತ್ತದೆ.

ಇಲ್ಲಿ ನಮ್ಮ ಸೀಮೆಯ ಮಾತೊಂದನ್ನು ಸೇರಿಸುವುದು ಅಪ್ರಸ್ತುತವಾಗಲಾರದು. ಘಟಪ್ರಭೆಯ ದಂಡೆಯ ಕಲಾದಗಿ ಒಂದು ಕಾಲಕ್ಕೆ ಜಿಲ್ಲೆಯ ಮುಖ್ಯ ಪಟ್ಟಣವಾಗಿತ್ತು. ಆ ಪದವಿ ಹತ್ತೊಂಬತ್ತನೆಯ ಶತಮಾನದಲ್ಲೇ ವಿಜಾಪುರದ ಪಾಲಾಯಿತು. ಆದರೆ ಭೂವಿಜ್ಞಾನದಲ್ಲಿ ಈ ಊರಿನ ಹೆಸರು ಅಳಿದಿಲ್ಲ. ಇಲ್ಲಿಂದ ಹರಡಿದ ಪುರಾತನ ಶಿಲಾಸ್ತರಗಳಿಗೆ ವಿದ್ವಾಂಸರು ಕಲಾದಗಿಯ ಹೆಸರನ್ನೇ ಇಟ್ಟಿದ್ದಾರೆ. ಬಾಗಿಲಕೋಟೆ, ಲೋಕಾಪುರಗಳ ಸುಣ್ಣಗಲ್ಲು ಆ ಸ್ತರಗಳದ್ದು. ಶುದ್ಧವಾದ ಸುಣ್ಣಗಲ್ಲಿನ ನೂರು ಪಾಲು ತೂಕದಲ್ಲಿ ನಲವತ್ತನಾಲ್ಕು ಪಾಲು ಪ್ರೀಸ್ಟ್ಲಿಯ ಆ ವಾಯುವೇ ಸೆರೆಯಾಗಿರುತ್ತದೆ. ಸುಣ್ಣದ ಭಟ್ಟಿಯಲ್ಲಿ ಕಲ್ಲು ಸುಡುವಾಗ ಅದು ಯಾರ ಕಣ್ಣಿಗೂ ಬೀಳದೆ ಆಕಾಶಕ್ಕೆ ಹೋಗುತ್ತದೆ.

ಪ್ರೀಸ್ಟ್ಲಿ ತನ್ನ ವಿಧಾನವನ್ನು ೧೭೭೨ರಲ್ಲಿ ಒಂದು ಕಿರುಹೊತ್ತಗೆಯಾಗಿ ಅಚ್ಚುಮಾಡಿಸಿದನು. ಹಕ್ಕುಪತ್ರ ಪಡೆಯಲಿಲ್ಲ, ಗುಟ್ಟು ಕಾಯಲಿಲ್ಲ. ಅವನ ಮನಸ್ಸಿನಲ್ಲಿದ್ದುದು ತಂಪುಪಾನೀಯದ ವ್ಯಾಪಾರವಲ್ಲ, ನಾವಿಕರ ಪ್ರಾಣ. ದೂರದ ಸಮುದ್ರಯಾನಗಳಲ್ಲಿ ಒಸಡು ಕೊಳೆತು, ಹಳೆಯ ಗಾಯ ಬಿರಿದು ಸಾಯಿಸುವ ಸ್ಕರ್ವಿ ರೋಗ ದೇಹದ ಒಂದು ಬಗೆಯ ಕೊಳೆಯುವಿಕೆಯೆಂದೂ, ಬದ್ಧವಾಯು ಕೊಳೆಯುವಿಕೆಯನ್ನು ತಡೆಯುವುದೆಂದೂ ಆ ಕಾಲದ ಕೆಲವು ವೈದ್ಯರು ನಂಬಿದ್ದರು. ನೌಕಾಖಾತೆಯವರು ಈ ವಿಧಾನವನ್ನು ಒಪ್ಪಿ, ಕ್ಯಾಪ್ಟನ್ ಕುಕ್ಕನ ಎರಡನೆಯ ಪ್ರಯಾಣದ ಹಡಗುಗಳಲ್ಲಿ ಉಪಕರಣವನ್ನು ಕಳುಹಿಸಿದರು. ಆ ನಂಬಿಕೆ ಹುಸಿ. ಸ್ಕರ್ವಿಗೆ ಮದ್ದು ನಿಂಬೆ ಕಿತ್ತಳೆಗಳಲ್ಲಿದೆಯೆಂದು ಜೇಮ್ಸ್ ಲಿಂಡ್ ೧೭೪೭ರಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದನು. ಬ್ರಿಟಿಷ್ ನೌಕಾಪಡೆ ಅದನ್ನು ಕಡ್ಡಾಯವಾಗಿ ಅನುಸರಿಸಿದ್ದು ೧೭೯೫ರಲ್ಲಿ. ಸೋಡಾದಿಂದ ಒಬ್ಬ ನಾವಿಕನೂ ಉಳಿಯಲಿಲ್ಲ. ಆದರೂ ರಾಯಲ್ ಸೊಸೈಟಿ ಅವನ ವಾಯುಸಂಶೋಧನೆಗಳಿಗಾಗಿ ತನ್ನ ೧೭೭೨ನೆಯ ವರ್ಷದ ಕಾಪ್ಲಿ ಪದಕವನ್ನಿತ್ತು ಗೌರವಿಸಿತು. ಹಣ ಮಾಡಿದವರು ಬೇರೆ. ಜಿನೀವಾದಲ್ಲಿದ್ದ ಜೇಕಬ್ ಶ್ವೆಪ್ ಎಂಬ ಗಡಿಯಾರದ ಕಸುಬುದಾರನು ೧೭೮೩ರ ಹೊತ್ತಿಗೆ ಒತ್ತಡದಿಂದ ವಾಯು ತುಂಬುವ ಯಂತ್ರವನ್ನು ಅಣಿಗೊಳಿಸಿ, ೧೭೯೨ರಲ್ಲಿ ಲಂಡನ್ನಿಗೆ ಬಂದು ವ್ಯಾಪಾರ ಹೂಡಿದನು. ಪ್ರೀಸ್ಟ್ಲಿಗೆ ಇದರಿಂದ ಒಂದು ಕಾಸೂ ಬರಲಿಲ್ಲ.

೧೭೭೩ರಲ್ಲಿ ಅವನು ಲಾರ್ಡ್ ಶೆಲ್ಬರ್ನನ ಆಶ್ರಯಕ್ಕೆ ಹೋದನು. ಅಲ್ಲಿ, ೧೭೭೪ರ ಆಗಸ್ಟ್ ಒಂದರಂದು, ಪಾದರಸದ ಕೆಂಪು ಭಸ್ಮವನ್ನು ದೊಡ್ಡ ಮಸೂರದ ಮೂಲಕ ಬಿಸಿಲಿನಿಂದ ಕಾಯಿಸಿ, ದೀಪವನ್ನು ಪ್ರಜ್ವಲವಾಗಿ ಉರಿಸುವ ಒಂದು ವಾಯುವನ್ನು ಪಡೆದನು. ಅದೇ ಆಮ್ಲಜನಕ. ಸ್ವೀಡನ್ನಿನ ಷೀಲೆ ಅದನ್ನು ಮೊದಲೇ ಕಂಡಿದ್ದರೂ ಪ್ರಕಟಿಸುವುದರಲ್ಲಿ ತಡವಾಯಿತು. ಆ ಶರತ್ಕಾಲದಲ್ಲಿ ಪ್ಯಾರಿಸ್ಸಿಗೆ ಹೋದ ಪ್ರೀಸ್ಟ್ಲಿ ಊಟದ ಮೇಜಿನಲ್ಲಿ ಲವಾಸಿಯೇನಿಗೆ ಎಲ್ಲವನ್ನೂ ಬಿಚ್ಚಿ ಹೇಳಿದನು. ಲವಾಸಿಯೇ ಅದರ ನಿಜವಾದ ಅರ್ಥವನ್ನು ಕಂಡು, ಹೆಸರಿಟ್ಟು, ಹೊಸ ರಸಾಯನಶಾಸ್ತ್ರವನ್ನೇ ಕಟ್ಟಿದನು. ಉರಿಯುವ ವಸ್ತುವಿನಿಂದ ಫ್ಲೊಜಿಸ್ಟನ್ ಎಂಬ ತತ್ತ್ವ ಹೊರಟುಹೋಗುವುದೆಂಬ ಹಳೆಯ ಮತವನ್ನು ಪ್ರೀಸ್ಟ್ಲಿ ಮಾತ್ರ ಬಿಡಲಿಲ್ಲ. ಧರ್ಮದಲ್ಲಿ, ರಾಜಕೀಯದಲ್ಲಿ ಎಲ್ಲ ಹಳತನ್ನೂ ಪ್ರಶ್ನಿಸಿದವನು ತಾನೇ ಅಗೆದು ತೆಗೆದ ರತ್ನದ ಬೆಲೆ ಅರಿಯದೆ ಹೋದನು.

೧೭೮೦ರಿಂದ ಅವನ ವಾಸ ಬರ್ಮಿಂಗ್‌ಹ್ಯಾಮಿನಲ್ಲಿ. ಜೇಮ್ಸ್ ವಾಟ್, ಬೌಲ್ಟನ್, ವೆಜ್‌ವುಡ್, ಎರಾಸ್ಮಸ್ ಡಾರ್ವಿನ್‌ರಂಥವರ ಗೆಳೆತನ. ದೊಡ್ಡ ಗ್ರಂಥಾಲಯ, ಒಳ್ಳೆಯ ಪ್ರಯೋಗಶಾಲೆ. ಆದರೆ ತ್ರಯೀತತ್ತ್ವವನ್ನು ನಿರಾಕರಿಸಿದ್ದಕ್ಕೆ ಚರ್ಚಿನವರಿಗೂ, ಫ್ರಾನ್ಸಿನ ಕ್ರಾಂತಿಯನ್ನು ಹೊಗಳಿದ್ದಕ್ಕೆ ರಾಜಪಕ್ಷದವರಿಗೂ ಅವನು ವೈರಿಯಾದನು. ೧೭೯೧ರ ಜುಲೈ ೧೪ರಂದು ಬ್ಯಾಸ್ಟೀಲ್ ಸೆರೆಮನೆ ಬಿದ್ದ ದಿನದ ನೆನಪಿಗೆ ಊರಲ್ಲಿ ಒಂದು ಭೋಜನಕೂಟ ನಡೆಯಿತು. ಪ್ರೀಸ್ಟ್ಲಿ ಅದಕ್ಕೆ ಹೋಗಿರಲಿಲ್ಲ; ರಾತ್ರಿ ಮನೆಯಲ್ಲಿ ಹೆಂಡತಿಯೊಡನೆ ಪಗಡೆಯಂಥ ಆಟವಾಡುತ್ತಿದ್ದನು. ಅಷ್ಟರಲ್ಲಿ ಉದ್ರಿಕ್ತ ಗುಂಪು ಪ್ರಾರ್ಥನಾಮಂದಿರಗಳನ್ನು ಸುಟ್ಟು ಮನೆಯತ್ತ ಬರುತ್ತಿರುವ ಸುದ್ದಿ ಬಂದಿತು. ದಂಪತಿಗಳು ಉಟ್ಟ ಬಟ್ಟೆಯಲ್ಲಿ ತಪ್ಪಿಸಿಕೊಂಡರು. ಗುಂಪು ಮನೆಯನ್ನು ನೆಲಸಮ ಮಾಡಿತು. ಉಪಕರಣಗಳು ಚೂರಾದವು, ಪುಸ್ತಕಗಳು ಬೂದಿಯಾದವು, ವರ್ಷಾನುಗಟ್ಟಲೆ ದುಡಿದು ಬರೆದ ಹಸ್ತಪ್ರತಿಗಳು ಗಾಳಿಗೆ ಹಾರಿದವು.

ಹಸ್ತಪ್ರತಿಯ ನಾಶವೆಂದರೇನೆಂಬುದನ್ನು ಕನ್ನಡದ ವಿದ್ಯಾರ್ಥಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ಸಾಹಿತ್ಯಚರಿತ್ರೆಯಲ್ಲಿ ಹೆಸರು ಮಾತ್ರ ಉಳಿದು ಓಲೆ ಅಳಿದುಹೋದ ಕಾವ್ಯಗಳೆಷ್ಟು! ಅವುಗಳಲ್ಲಿ ಹಲವು ಗೆದ್ದಲಿಗೂ ಮಳೆಗೂ ಬಲಿಯಾದವು, ಗೆದ್ದಲಿಗೆ ದ್ವೇಷವಿಲ್ಲ. ತನ್ನಂತೆ ನಂಬದವನ ಪುಸ್ತಕವನ್ನು ಓದದೆಯೇ ಸುಡುವುದು ಮನುಷ್ಯನಿಂದ ಮಾತ್ರ ಸಾಧ್ಯ. ಆ ರಾತ್ರಿ ಬೆಂಕಿಯಿಟ್ಟವರು ಪ್ರೀಸ್ಟ್ಲಿಯ ಒಂದು ಪುಟವನ್ನಾದರೂ ಓದಿರಲಾರರು. ನನ್ನನ್ನು ಅವನ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಲಕುವ ಪ್ರಸಂಗ ಇದು.

ಆಮೇಲೆ ಲಂಡನ್ನಿನ ಬಳಿಯ ಹ್ಯಾಕ್ನಿಯಲ್ಲಿ ಕೆಲಕಾಲವಿದ್ದರೂ ನೆಮ್ಮದಿ ದೊರೆಯಲಿಲ್ಲ. ೧೭೯೪ರ ಏಪ್ರಿಲಿನಲ್ಲಿ, ಅರವತ್ತೊಂದನೆಯ ವಯಸ್ಸಿನಲ್ಲಿ, ಅವನು ಅಮೆರಿಕಕ್ಕೆ ಹಡಗು ಹತ್ತಿದನು. ಮರುತಿಂಗಳ ಎಂಟರಂದು, ಅವನಿನ್ನೂ ಸಮುದ್ರದ ಮೇಲಿರುವಾಗಲೇ, ಪ್ಯಾರಿಸ್ಸಿನಲ್ಲಿ ಕ್ರಾಂತಿಕಾರರು ಲವಾಸಿಯೇನ ತಲೆ ಕಡಿದರು. ಒಬ್ಬನನ್ನು ಕ್ರಾಂತಿಯ ವೈರಿಗಳು ದೇಶದಿಂದ ಅಟ್ಟಿದರು. ಇನ್ನೊಬ್ಬನನ್ನು ಕ್ರಾಂತಿಯೇ ನುಂಗಿತು.

ಪೆನ್ಸಿಲ್ವೇನಿಯಾದಲ್ಲಿ, ಸಸ್ಕ್ವೆಹಾನ ನದಿಯ ದಂಡೆಯ ನಾರ್ತಂಬರ್‌ಲೆಂಡ್ ಎಂಬ ಊರಿನಲ್ಲಿ ಅವನು ಹೊಸ ಮನೆ, ಹೊಸ ಪ್ರಯೋಗಶಾಲೆಗಳನ್ನು ಕಟ್ಟಿದನು. ೧೭೯೫ರಲ್ಲಿ ಕಿರಿಯ ಮಗನೂ ಮರುವರ್ಷ ಹೆಂಡತಿಯೂ ತೀರಿಕೊಂಡರು. ಆದರೂ ಬರವಣಿಗೆ ನಿಲ್ಲಲಿಲ್ಲ. ಮೋಶೆಯ ಧರ್ಮವ್ಯವಸ್ಥೆಯನ್ನು ಹಿಂದೂಗಳ ಧರ್ಮವ್ಯವಸ್ಥೆಯೊಡನೆ ಹೋಲಿಸುವ ಗ್ರಂಥವೊಂದನ್ನು ೧೭೯೯ರಲ್ಲಿ ಪ್ರಕಟಿಸಿದನು. ಅವನ ತೀರ್ಪು ಮೋಶೆಯ ಕಡೆಗೇ ವಾಲಿದ್ದರೂ, ಅಮೆರಿಕದ ಒಂದು ಹೊಳೆದಂಡೆಯಲ್ಲಿ ಕುಳಿತು ಭಾರತದ ಧರ್ಮಶಾಸ್ತ್ರಗಳ ಅನುವಾದಗಳನ್ನು ತಿರುವುತ್ತಿದ್ದ ಆ ಮುದುಕನ ಕುತೂಹಲ ದೊಡ್ಡದು. ಫ್ಲೊಜಿಸ್ಟನ್ನನ್ನು ಸಮರ್ಥಿಸಿ ೧೮೦೦ರಲ್ಲಿ ಮತ್ತೊಂದು ಪುಸ್ತಕ ಬರೆದನು. ಆ ವೇಳೆಗೆ ಅದನ್ನು ನಂಬುವವರು ಹೆಚ್ಚುಕಡಿಮೆ ಯಾರೂ ಉಳಿದಿರಲಿಲ್ಲ. ೧೮೦೪ರ ಫೆಬ್ರವರಿ ೬ರ ಬೆಳಿಗ್ಗೆ, ಹಾಸಿಗೆಯಲ್ಲಿದ್ದುಕೊಂಡೇ ಹಸ್ತಪ್ರತಿಯೊಂದರ ತಿದ್ದುಪಡಿಗಳನ್ನು ಹೇಳಿ ಬರೆಯಿಸಿ, ಅದು ಸರಿಯಾಯಿತೆಂದು ಖಚಿತಮಾಡಿಕೊಂಡು, ಸ್ವಲ್ಪ ಹೊತ್ತಿನಲ್ಲಿ ಪ್ರಾಣಬಿಟ್ಟನು.

ಸ್ಕರ್ವಿಯ ವಿಷಯದಲ್ಲಿ ಅವನೆಣಿಸಿದ್ದು ತಪ್ಪು, ಫ್ಲೊಜಿಸ್ಟನ್ನಿನ ವಿಷಯದಲ್ಲಿ ಹಿಡಿದ ಹಟ ತಪ್ಪು. ಹಾಗಿದ್ದರೂ ಆಮ್ಲಜನಕದ ಶತಮಾನೋತ್ಸವಕ್ಕಾಗಿ ೧೮೭೪ರ ಆಗಸ್ಟಿನಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರು ನೆರೆದದ್ದು ಅವನ ಊರಿನಲ್ಲೇ. ಎರಡು ವರ್ಷಗಳ ಮೇಲೆ ಅವರ ರಾಷ್ಟ್ರೀಯ ಸಂಘ ಹುಟ್ಟಿದ್ದಕ್ಕೆ ಆ ಕೂಟವೇ ಪ್ರೇರಣೆಯಾಯಿತು. ನೆರೆದವರೆಲ್ಲರೂ ಅವನ ಸಿದ್ಧಾಂತವನ್ನು ಬಿಟ್ಟುಕೊಟ್ಟವರೇ. ಆದರೆ ಅವನು ತನ್ನ ಪ್ರಯೋಗಗಳನ್ನು, ಕೈಗೂಡಿದವುಗಳಂತೆ ಕೈಕೊಟ್ಟವುಗಳನ್ನೂ, ಮುಚ್ಚುಮರೆಯಿಲ್ಲದೆ ಅಚ್ಚುಮಾಡಿದ್ದನು. ಅವನನ್ನು ಸೋಲಿಸಿದವರಿಗೂ ಆಯುಧ ಅಲ್ಲಿಂದಲೇ ದೊರೆಯಿತು. ನಮ್ಮ ಕಾಲೇಜುಗಳ ತರುಣರು, ಅವರು ವಿಜ್ಞಾನದವರಿರಲಿ ಸಾಹಿತ್ಯದವರಿರಲಿ, ಈ ಒಂದು ಗುಣಕ್ಕಾಗಿಯಾದರೂ ಪ್ರೀಸ್ಟ್ಲಿಯ ಚರಿತ್ರೆಯನ್ನು ಓದಬೇಕೆಂದು ನನ್ನ ಆಸೆ.